ಎಷ್ಟೊತ್ತು ಮಲಗಿದ್ದೆ?

ಸೋಮವಾರ ಕೆಲಸ ಸಿಕ್ತು. ಲಾರಿ ಡ್ರೈವರ್ ಕೆಲಸ, ಅದೂ ಕುಡಿದು ಗಾಡಿ ಓಡಿಸಿ ಅರೆಸ್ಟ್ ಆಗಿದ್ದವನಿಗೆ. ಖುಷಿ ಆಗಿದೆ, ಇಲ್ಲ ಅನ್ನಲ್ಲ, ಆದ್ರೆ ವಾರ ಪೂರ್ತಿ ತಲೇಲಿ ಸುತ್ತುತಿರೋದು ಯಜಮಾನ್ರು ಕೇಳಿದ ಅದೊಂದು ಪ್ರಶ್ನೆ.

ಅದಕ್ಕೂ ಮುಂಚೆ ಐದು ಕಡೆ ಅಲೆದಿದ್ದೆ. ಫಾರ್ಮಲ್ಲಿ ಒಂದು ಸಾಲು ಇದ್ದೇ ಇರುತ್ತಲ್ಲ, ಪೊಲೀಸ್ ಕೇಸ್ ಏನಾದ್ರೂ ಇದ್ಯಾ ಅಂತ. ಮೊದಲನೇ ಕಡೆ ಖಾಲಿ ಬಿಟ್ಟೆ, ಲೈಸೆನ್ಸ್ ಸಸ್ಪೆಂಡ್ ಆಗಿದ್ದ ತಿಂಗಳುಗಳಲ್ಲಿ ಎಲ್ಲಿದ್ದೆ ಏನ್ಮಾಡ್ತಿದ್ದೆ ಅಂತ ಕೇಳಿದಾಗ ತೊದಲಿ ಸಿಕ್ಕಿಬಿದ್ದೆ. ಆಮೇಲಿಂದ ಇದ್ದಿದ್ದನ್ನ ಇದ್ದಂಗೆ ಬರೆದೆ. ಒಬ್ರು "ನಂದೇನಿಲ್ಲಪ್ಪ, ಇನ್ಶೂರೆನ್ಸ್‌ನವ್ರು ಒಪ್ಪಲ್ಲ" ಅಂದ್ರು, ನಿಜಾನೇ ಇರ್ಬಹುದು, ಆದ್ರೆ ಹೇಳುವಾಗ ನನ್ನ ಮುಖ ನೋಡ್ಲಿಲ್ಲ. ಇನ್ನೊಬ್ಬ ಅರ್ಧ ಸಂಬಳಕ್ಕೆ ಬಾ ಅಂದ. ನನ್ನ ಕೈಗೆ ಲಾರಿ ಕೊಡೋಕೆ ಭಯ ಇಲ್ಲ, ಪೂರ್ತಿ ಸಂಬಳ ಕೊಡೋಕೆ ಭಯ! ಇಂಥವನ ಗಾಡೀಲಿ ಬ್ರೇಕ್ ಲೈನರೂ ಅರ್ಧಾನೇ ಇರುತ್ತೆ ಅಂದ್ಕೊಂಡು ಎದ್ದು ಬಂದೆ.

ಆರನೇ ಕಡೆಯ ಯಜಮಾನ್ರು ಹಳೇ ಡ್ರೈವರ್. ಯಾಕೆ ಕುಡಿದೆ, ಈಗ ಬಿಟ್ಟಿದ್ದೀಯಾ ಅಂತ ಕೇಳ್ತಾರೆ ಅಂತ ಉತ್ತರ ಉರು ಹೊಡ್ಕೊಂಡು ಹೋಗಿದ್ದೆ. ಅವ್ರು ಫಾರ್ಮ್ ಓದಿದ್ರು, ಕನ್ನಡಕ ಹಣೆಗೆ ಏರಿಸಿದ್ರು, "ಬೆಳಗ್ಗೆ 5ಕ್ಕೆ ಹಿಡಿದ್ರು ಅಂತ ಬರೆದಿದ್ದೀಯ. ಎಷ್ಟೊತ್ತು ಮಲಗಿದ್ದೆ?" ಅಂದ್ರು.

ನಾಲ್ಕು ಗಂಟೆ ಸಾರ್, ಅಂದೆ. ಅಷ್ಟು ದಿನದಲ್ಲಿ ಯಾರೂ ಅದನ್ನ ಕೇಳಿರ್ಲಿಲ್ಲ, ವಕೀಲ್ರೂ ಕೇಳಿರ್ಲಿಲ್ಲ.

ರಾತ್ರಿ 12ಕ್ಕೆ ಗ್ಲಾಸ್ ಕೆಳಗಿಟ್ಟು ಮಲಗಿದ್ದೆ, ನಾಲ್ಕಕ್ಕೆ ಎದ್ದು ತಣ್ಣೀರು ಸ್ನಾನ, ಎರಡು ಲೋಟ ಕಾಫಿ, ತಲೆ ಹಗುರ, ಎಲ್ಲಾ ಇಳಿದಿದೆ ಅನ್ನೋ ಧೈರ್ಯ. ಮೆಷಿನ್ ಊದಿದ್ರೆ 58, ಅಂದ್ರೆ 100 ಮಿಲಿಲೀಟರ್ ರಕ್ತದಲ್ಲಿ ಅಷ್ಟು ಮಿಲಿಗ್ರಾಂ. ಲಿವರ್ ಗಂಟೆಗೆ ಸುಮಾರು 15 ಮಾತ್ರ ಇಳಿಸುತ್ತಂತೆ, ಕಾಫಿಗೂ ಸ್ನಾನಕ್ಕೂ ಅದು ಕೇರ್ ಮಾಡಲ್ಲ. ಲೆಕ್ಕ ಹಾಕಿದ್ರೆ ಮಲಗುವಾಗ 130ರ ಹತ್ರ ಇದ್ದಿರ್ಬೇಕು, ಪೂರ್ತಿ ಇಳಿಯೋಕೆ ಬೆಳಗ್ಗೆ ಒಂಬತ್ತರ ಹತ್ರ ಆಗ್ತಿತ್ತು. ಇದನ್ನ ನೆಪ ಅಂತ ಹೇಳ್ತಿಲ್ಲ. 60ರ ಸ್ಪೀಡಲ್ಲಿ ಒಂದೇ ಸೆಕೆಂಡ್ ತಡವಾಗಿ ಬ್ರೇಕ್ ತುಳಿದ್ರೂ ಗಾಡಿ 16-17 ಮೀಟರ್ ಮುಂದೆ ಹೋಗಿರುತ್ತೆ, ಆ ಬೆಳಗ್ಗೆ ಆ ಜಾಗದಲ್ಲಿ ಯಾರೂ ಇರ್ಲಿಲ್ಲ ಅಷ್ಟೇ.

"ಸರಿ, ಲಾರಿ ತೆಗಿ" ಅಂದ್ರು. ಸ್ಟಾರ್ಟ್ ಮಾಡಿ, ಬ್ರೇಕಿಗೆ ಎಷ್ಟು ಗಾಳಿ ತುಂಬಿದೆ ಅಂತ ತೋರಿಸೋ ಏರ್ ಗೇಜ್ ಮುಳ್ಳು ಮೇಲೇರೋದನ್ನ ನೋಡ್ತಾ ಕೂತೆ. ಗಾಳಿ ತುಂಬೋ ತನಕ ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಬಿಡಲ್ಲ, ಎಷ್ಟೇ ಅರ್ಜೆಂಟ್ ಇರ್ಲಿ ಲಾರಿ ನಿಮ್ಮನ್ನ ಕಾಯಿಸುತ್ತೆ. ಪಕ್ಕದಲ್ಲಿ ಅವ್ರು, ಮಾತಿಲ್ಲ. ಆ ಬೆಳಗ್ಗೆ ನನ್ನ ಎದೆ ಮೇಲೂ ಇಂಥದ್ದೊಂದು ಮುಳ್ಳು ಇದ್ದಿದ್ರೆ ಅನ್ನಿಸ್ತು. ಎರಡು ರೌಂಡ್ ಓಡಿಸಿ, ರಿವರ್ಸ್ ಹಾಕಿ ನಿಲ್ಲಿಸಿದ ಮೇಲೆ ಒಂದೇ ಮಾತು, "ನಾಳೆ ಬಾ."

ಆಮೇಲೆ ಗೊತ್ತಾಗಿದ್ದು, ಆ ಪ್ರಶ್ನೆ ನನಗಂತ ಮಾಡಿದ್ದಲ್ಲ. ಎಲ್ಲಾ ಡ್ರೈವರ್‌ಗೂ ದಿನಾ ಕೇಳ್ತಾರಂತೆ, ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವ್ರಿಗೂ. 17 ಗಂಟೆ ಎಚ್ಚರ ಇದ್ದವನ ಕೈಕಾಲು ರಕ್ತದಲ್ಲಿ 50 ಇರೋನ ಥರಾನೇ ನಿಧಾನ ಆಗುತ್ತೆ. ಅಂದ್ರೆ ನನ್ನ 58ರ ಪಕ್ಕದ ಮನೆ. ನಾನು ಮೊದಲು ಅಲೆದ ಐದು ಕಡೇಲೂ ರಾತ್ರಿಯಿಡೀ ಓಡಿಸಿ ಬೆಳಗ್ಗೆ ಲೋಡ್ ಇಳಿಸಿ ಮತ್ತೆ ಹೊರಡೋ ಡ್ರೈವರ್‌ಗಳು ಇದ್ದೇ ಇರ್ತಾರೆ, ಅವ್ರನ್ನ ಯಾರೂ ತಡೆಯಲ್ಲ, ನಿದ್ದೆಗೆಟ್ಟಿದ್ದನ್ನ ಹಿಡಿಯೋಕೆ ಊದೋ ಮೆಷಿನ್ ಇಲ್ವಲ್ಲ. ಲೋಡ್ ಟೈಮಿಗೆ ತಲುಪಿಸ್ತಾನೆ, ಒಳ್ಳೇ ಡ್ರೈವರ್ ಅಂತ ಹೆಸರು ಬೇರೆ.

ಮೊದಲನೇ ಟ್ರಿಪ್ ದಿನ ಕೀ ಕೈಗೆ ಹಾಕೋ ಮುಂಚೆ ಯಜಮಾನ್ರು ಮತ್ತೆ ಕೇಳಿದ್ರು, "ಎಷ್ಟೊತ್ತು ಮಲಗಿದ್ದೆ?" ಕೆಲಸ ಸಿಕ್ಕ ಖುಷಿಗೆ ಹಿಂದಿನ ರಾತ್ರಿ ಕಣ್ಣೇ ಮುಚ್ಚಿರ್ಲಿಲ್ಲ, ಮೂರಾದ್ಮೇಲೆ ಒಂಚೂರು ಹತ್ತಿತ್ತು.

"ಏಳು ಗಂಟೆ ಸಾರ್" ಅಂದ್ಬಿಟ್ಟೆ.