72ನೆಯ ಗಂಟೆಯ ಮಾದರಿ

ಹೆಚ್ಚಿನ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧ ಪಡೆದ ಮಗುವೊಂದರ 72ನೆಯ ಗಂಟೆಯ ರಕ್ತದ ಮಾದರಿ, ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡು, ಇಂದು ಸಂಜೆ ನನ್ನ ಮೇಜಿಗೆ ಬಂತು. ಪ್ಲಾಸ್ಮಾಕ್ಕೆ ಅಸಿಟೋನೈಟ್ರೈಲ್ ಎಂಬ ದ್ರಾವಕ ಬೆರೆಸಿದೊಡನೆ ಪ್ರೋಟೀನು ಒಡೆದ ಹಾಲಿನಂತೆ ಗರಣೆಗಟ್ಟಿತು. ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಳಕ್ಕಿಳಿಸಿ, ಮೇಲಿನ ತಿಳಿಯನ್ನು, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟು ಪರದೆಯ ಮುಂದೆ ಕುಳಿತೆ. ಔಷಧವೂ ಯಕೃತ್ತಿನಲ್ಲಿ ಅದರಿಂದ ಹುಟ್ಟುವ 7-ಹೈಡ್ರಾಕ್ಸಿ ರೂಪವೂ ಯಂತ್ರದ ಕೊಳವೆಯಂಥ ಕಾಲಮ್ಮಿನೊಳಗೆ ಬೇರ್ಪಟ್ಟು ಎರಡು ಶಿಖರಗಳಾಗಿ ಏಳುವುದನ್ನು ಎಷ್ಟು ಸಲ ಕಂಡರೂ ನನಗೆ ಬೇಸರವಾಗಿಲ್ಲ. ರಕ್ತದಲ್ಲಿ ಔಷಧದ ಪ್ರಮಾಣವು ಲೀಟರಿಗೆ 0.1 ಮೈಕ್ರೋಮೋಲ್‌ಗಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಅದರ ವಿಷಪರಿಣಾಮದಿಂದ ಕಾಪಾಡುವ ಲ್ಯೂಕೊವೊರಿನ್ ಮದ್ದನ್ನು ನಿಲ್ಲಿಸುವುದಿಲ್ಲ. ಇಂದಿನದು 0.14. ವಾರ್ಡಿಗೆ ಫೋನು ಮಾಡಿ ಎರಡು ಸಲ ಓದಿ ಹೇಳಿದೆ. ಅಂಕಿಯ ವಿಷಯದಲ್ಲಿ ನನ್ನ ಕೈಬರಹವನ್ನೂ ನಾನು ನಂಬುವುದಿಲ್ಲ. ಆ ತಾಯಿಗೆ ಇನ್ನೊಂದು ರಾತ್ರಿ ಆಸ್ಪತ್ರೆಯಲ್ಲೇ.