ಕೆಎಲ್ 14 ಗಾಡಿಯವನ ಗುರುವಾರಗಳು

ಹೊರನಾಡು ಅಂದ ಕೂಡಲೇ ದುಬೈ, ಮಸ್ಕತ್ತು ಅಂದುಕೊಳ್ಳಬೇಡಿ. ನಾನಿರುವುದು ಬೆಂಗಳೂರಿನ ರಾಜಾಜಿನಗರದಲ್ಲಿ. ಸಂಜೆ ಕಾಸರಗೋಡಿನಲ್ಲಿ ಕಣ್ಣೂರು ರೈಲು ಹತ್ತಿ ಮಲಗಿದರೆ ಬೆಳಗಾಗುವಾಗ ಮೆಜೆಸ್ಟಿಕ್. ಅಷ್ಟೇ ದೂರ. ಆದರೂ ಇದು ನಮಗೆ ಬೇರೆ ರಾಜ್ಯ. ನನ್ನ ಓಮ್ನಿಯ ನಂಬರು ಕಾಸರಗೋಡಿನ ಕೆಎಲ್ 14ರಿಂದ ಸುರುವಾಗುವ ಕಾರಣ ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಹಿಂದಿಯಲ್ಲಿ ಮಾತಿಗಿಳಿಯುತ್ತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ, "ಕೇರಳದವ್ರಾದ್ರೂ ಎಷ್ಟು ಚೆನ್ನಾಗಿ ಕನ್ನಡ ಕಲ್ತಿದೀರ!" ಎಂದು ಮೆಚ್ಚುತ್ತಾರೆ. ಮೊದಮೊದಲು ವಿವರಿಸುತ್ತಿದ್ದೆ. ಈಗ "ಥ್ಯಾಂಕ್ಸ್ ಸಾರ್" ಎಂದು ಗೇರು ಹಾಕುತ್ತೇನೆ. (ತೆರಿಗೆ ಕಟ್ಟಿ ಕೆಎ ನಂಬರು ಮಾಡಿಸಬೇಕು, ಗೊತ್ತುಂಟು. ಬೈಯಬೇಡಿ.)

ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವರ್ಷದಿಂದ ಒಂದೇ ಪ್ರಶ್ನೆ: "ಗುರುವಾರ ಬೆಳಗ್ಗೆ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ ಯಾಕೆ?" ಆ ಹೊತ್ತಿಗೆ ನಾನು ವ್ಯಾಪಾರಿಗಳ ಒಂದು ಕ್ಲಬ್ಬಿನ ಸಭೆಯಲ್ಲಿರುತ್ತೇನೆ. ಅದರ ಕತೆ ಇದು.

ನನ್ನ ವ್ಯಾಪಾರ ನಿಮಗೆ ಗೊತ್ತೇ ಉಂಟು, ಹಾಳೆ ತಟ್ಟೆ. ನಾವು ಮಕ್ಕಳಾಗಿದ್ದಾಗ ಕುಳಿತು ಎಳೆಸಿಕೊಳ್ಳುತ್ತಿದ್ದ, ಅಜ್ಜಂದಿರು ಮುಟ್ಟಾಳೆ ಮಾಡಿ ತಲೆಗಿಡುತ್ತಿದ್ದ ಅದೇ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಹನ್ನೆರಡು ಇಂಚು, ಹತ್ತು ಇಂಚು ಎಂದು ಲೆಕ್ಕ ಹಾಕಿ ಮಾರುವುದು. ಕರ್ನಾಟಕದಲ್ಲಿ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧ ಆಯಿತು, 2022ರ ಜುಲೈ 1ರಿಂದ ಇಡೀ ದೇಶದಲ್ಲಿ. ಇನ್ನು ನಮ್ಮದೇ ಕಾಲ ಎಂದುಕೊಂಡು ಗಂಟುಮೂಟೆ ಕಟ್ಟಿ ಬಂದವ ನಾನು. ಬಂದು ನೋಡಿದರೆ ಒಳಗೆ ಪ್ಲಾಸ್ಟಿಕ್ ಲೇಪ ಇರುವ ಪೇಪರ್ ತಟ್ಟೆ ನಮ್ಮದಕ್ಕಿಂತ ಅಗ್ಗಕ್ಕೆ ಎಲ್ಲ ಅಂಗಡಿಯಲ್ಲೂ ನೇತಾಡುತ್ತಿತ್ತು. ಎರಡು ವರ್ಷ ಚಿಕ್ಕಪೇಟೆಯ ಸಗಟು ಅಂಗಡಿಗಳ ಮೆಟ್ಟಿಲು ಸವೆಸಿದೆ. ಆಗ ನಮ್ಮ ಬೀದಿಯ ಎಲ್‌ಇಡಿ ದೀಪದ ಅಂಗಡಿಯವರು ಈ ವ್ಯಾಪಾರಿಗಳ ಕ್ಲಬ್ಬಿಗೆ ಕರೆದುಕೊಂಡು ಹೋದರು. 2025ರ ಜನವರಿ.

ಒಂದು ಹೋಟೆಲಿನ ಮಹಡಿಯ ಸಣ್ಣ ಹಾಲ್. ಬೆಳಗ್ಗೆ ಏಳಕ್ಕೆ ಬಾಗಿಲು, ಏಳೂವರೆಗೆ ಗಂಟೆ. ಮೂವತ್ತೈದು ಮಂದಿ, ಕುತ್ತಿಗೆಯಲ್ಲಿ ಬ್ಯಾಡ್ಜು, ಮೂಲೆಯಲ್ಲಿ ಇಡ್ಲಿ, ಖಾರಾಬಾತು, ಕೇಸರಿಬಾತು. ಒಂದು ಕಸುಬಿಗೆ ಒಬ್ಬರೇ: ಒಬ್ಬರು ಸಿಎ, ಒಬ್ಬರು ಇಂಟೀರಿಯರ್, ಒಬ್ಬರು ವಿಮೆ, ಒಬ್ಬರು ಕೇಟರಿಂಗ್, ಪೀಣ್ಯದಲ್ಲಿ ವರ್ಕ್‌ಶಾಪ್ ಇರುವವರೊಬ್ಬರು. ಇನ್ನೊಬ್ಬ ಹಾಳೆ ತಟ್ಟೆಯವ ಬಂದರೆ ಅವನಿಗೆ ಜಾಗ ಇಲ್ಲ. ಈ ಕ್ರಮ ಹೊಸತಲ್ಲ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ರೋಟರಿ ಸುರು ಮಾಡಿದಾಗಲೂ ಕಸುಬಿಗೊಬ್ಬರಂತೆ ಸೇರಿ, ಸರದಿಯಲ್ಲಿ ಒಬ್ಬೊಬ್ಬರ ಆಫೀಸಿನಲ್ಲಿ ಕೂರುತ್ತಿದ್ದರು. ಆ ಸರದಿಯಿಂದಲೇ ರೋಟರಿ ಎಂಬ ಹೆಸರು ಬಂದದ್ದು. ಮತ್ತೆ 1985ರಲ್ಲಿ ಕ್ಯಾಲಿಫೋರ್ನಿಯಾದ ಐವನ್ ಮಿಸ್ನರ್ ಬಿಎನ್‌ಐ ಕಟ್ಟಿ, ಸ್ನೇಹ ಸೇವೆಯ ಮಾತನ್ನು ಬದಿಗಿಟ್ಟು, ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ಗಿರಾಕಿ ಕೊಡುವುದನ್ನೇ ಕೆಲಸ ಮಾಡಿಬಿಟ್ಟರು. ಈಗ ಬೆಂಗಳೂರಿನಲ್ಲಿ ಈ ಮಾದರಿಯ ಕ್ಲಬ್ಬುಗಳು ಎಷ್ಟೋ. ನಮ್ಮದೂ ಅಂಥದ್ದೊಂದು, ಹೆಸರು ಬೇಡ.

ಪ್ರತಿಯೊಬ್ಬರಿಗೂ ಮೂವತ್ತು ಸೆಕೆಂಡು. ಎದ್ದು ನಿಂತು ಹೆಸರು, ಕಸುಬು, ನಿಮಗೆ ಎಂತ ಬೇಕು ಅಂತ ಹೇಳಬೇಕು. ಗಂಟೆ ಬಾರಿಸಲಿಕ್ಕೇ ಒಬ್ಬ. ಬೇರೆಯವರಿಗೆ ಗಿರಾಕಿ ಕೊಟ್ಟರೆ ಚೀಟಿ ಬರೆದು ಡಬ್ಬಕ್ಕೆ ಹಾಕುವುದು. ತಿಂಗಳ ಕೊನೆಗೆ ಹಾಜರಿ, ಚೀಟಿ, ಕರೆತಂದ ಅತಿಥಿ ಎಲ್ಲ ಕೂಡಿಸಿ ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು. ನಾನು ಮೊದಲ ಮೂರು ತಿಂಗಳು ಕೆಂಪು.

ಕಾರಣ ಸರಳ. ನನಗೆ ಕೇಳಲು ಬಾರದು. ನಮ್ಮ ಕಡೆ ತನಗಾಗಿ ಕೇಳುವುದೆಂದರೆ ಅಂಗಲಾಚಿದ ಹಾಗೆ. ತೋಟದ ಕೆಲಸಕ್ಕೆ ಜನ ಬೇಕಾದರೂ ಅಪ್ಪ ನೇರ ಕೇಳುವವರಲ್ಲ. ಪಕ್ಕದ ಮನೆಗೆ ಹೋಗಿ, ಕವಳ ಹಾಕಿ, ಮಳೆಯ ಸುದ್ದಿ ಮಾತಾಡಿ, ಏಳುವಾಗ "ನಾಡಿದ್ದು ಅಡಿಕೆ ಸುಲಿಯುವುದು ಉಂಟಿತ್ತು" ಎಂದಷ್ಟೇ ಹೇಳುತ್ತಾರೆ. ಉಳಿದದ್ದು ಅವರಿಗೆ ಅರ್ಥ ಆಗುತ್ತದೆ. ನಾನೂ ಆ ಹಾಲ್‌ನಲ್ಲಿ ಎದ್ದು, "ಯಾರಿಗಾದರೂ ತಟ್ಟೆ ಬೇಕಿದ್ದರೆ ಹೇಳಿ" ಎಂದು ಗೊಣಗಿ ಕೂರುತ್ತಿದ್ದೆ. ಮೂವತ್ತರಲ್ಲಿ ಎಂಟು ಸೆಕೆಂಡೂ ಖರ್ಚಾಗುತ್ತಿರಲಿಲ್ಲ.

ಒಂದು ದಿನ ಸಿಎ ಮೇಡಂ ಇಡ್ಲಿ ತಟ್ಟೆ ಹಿಡಿದುಕೊಂಡು ಬಳಿಗೆ ಬಂದರು. "ನೀವು 'ಯಾರಿಗಾದ್ರೂ' ಅಂದ್ರೆ ನಂಗೆ ಯಾರ ಮುಖಾನೂ ನೆನಪಾಗಲ್ಲ ರೀ. ಮುಖ ನೆನಪಾಗೋ ಹಾಗೆ ಕೇಳಿ." ಮುಂದಿನ ವಾರ ಕೇಳಿದೆ: "ಬಸವೇಶ್ವರನಗರದಲ್ಲಿ ತಿಂಗಳಿಗೆ ನಾಲ್ಕು ಮದುವೆಯ ಅಡುಗೆ ಹಿಡಿಯುವ ಕಂಟ್ರಾಕ್ಟರು ಯಾರಾದರೂ ನಿಮಗೆ ಗೊತ್ತಾ?" ಮೂರು ಕೈ ಮೇಲೆದ್ದವು. ಎರಡು ವರ್ಷ ಚಿಕ್ಕಪೇಟೆಯಲ್ಲಿ ಸಿಗದ್ದು ಆ ಒಂದು ವಾಕ್ಯಕ್ಕೆ ಸಿಕ್ಕಿತು.

ಇದು ನಮ್ಮ ಮುಯ್ಯಾಳಿನ ಕ್ರಮವೇ ಅಂತ ಆಮೇಲೆ ಹೊಳೆಯಿತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಆದರೆ ಮುಯ್ಯಾಳಿನ ಲೆಕ್ಕವನ್ನು ಯಾರೂ ಗೋಡೆಗೆ ಹಾಕುತ್ತಿರಲಿಲ್ಲ. ಇಲ್ಲಿ ಪ್ರೊಜೆಕ್ಟರಿನಲ್ಲಿ ಹಾಕುತ್ತಾರೆ. ಕೆಂಪಿನಲ್ಲಿರುವವರು ಹಳದಿಗೆ ಬರಲಿಕ್ಕೆ ಸುಳ್ಳು ಚೀಟಿ ಬರೆಯುವುದೂ ಉಂಟು. ತನ್ನ ಭಾವನ ಮನೆಗೆ ಇಪ್ಪತ್ತೈದು ತಟ್ಟೆ ತೆಗೆದುಕೊಂಡು ಅದನ್ನೇ ರೆಫರಲ್ ಎಂದವರನ್ನು ಕಣ್ಣಾರೆ ಕಂಡಿದ್ದೇನೆ. ನಾನೂ ಒಮ್ಮೆ ಬರೆದೆ, ಸುಳ್ಳು ಯಾಕೆ.

ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಿಸುವ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶಗಳು ಊಟಕ್ಕೆ ಇಳಿಯಬಹುದು ಎಂದು ಎಚ್ಚರಿಕೆ ಕೊಟ್ಟಿತು. ಗುರುವಾರ ಬಾಗಿಲಲ್ಲೇ ಆಯುರ್ವೇದದ ಡಾಕ್ಟರು, "ಏನ್ರೀ, ವಿಷ ಮಾರ್ತಾ ಇದೀರಂತೆ?" ಎಂದು ನಕ್ಕರು. ನಗು ನಗುವೇ, ಆದರೆ ಹಾಲ್ ಪೂರ್ತಿ ನನ್ನ ಕಡೆ ನೋಡುತ್ತಿತ್ತು. ನಾವು ತಲೆತಲಾಂತರದಿಂದ ಹಾಳೆಯಲ್ಲಿ ಉಂಡವರು ಎಂದು ಎದೆ ತಟ್ಟಬಹುದಿತ್ತು. ಆದರೆ ದಿನಾ ಉಂಡವರಲ್ಲ, ಬಿಸಿ ಸಾಂಬಾರು ಹೊಯ್ದು ಗಂಟೆಗಟ್ಟಲೆ ಇಟ್ಟವರೂ ಅಲ್ಲ. "ಪರೀಕ್ಷೆ ಆಗಲಿ, ಆಗಬೇಕಾದ್ದೇ. ಅಲ್ಲಿಯವರೆಗೆ ಕೇಳಿದವರಿಗೆ ಈ ವಿಷಯವನ್ನೂ ಹೇಳಿಯೇ ಮಾರುತ್ತೇನೆ" ಅಂದೆ. ಎರಡು ಆರ್ಡರು ಹೋದವು. ಹೋಗಲಿ.

ಜುಲೈಯಲ್ಲಿ ನಮ್ಮ ಸಿಎ ಮೇಡಂಗೆ ಸುಗ್ಗಿ. ವಾಣಿಜ್ಯ ತೆರಿಗೆಯವರು ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸು ಕಳಿಸಿದ್ದರು. ಬೇಕರಿ, ಕಾಂಡಿಮೆಂಟ್ಸ್ ಎಲ್ಲ ಕಡೆ ಕ್ಯೂಆರ್ ಹಾಳೆ ಮಾಯವಾಗಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದನ್ನು ಆಕೆ ಒಂದೇ ವಾರದಲ್ಲಿ ಎಷ್ಟು ಸಲ ಹೇಳಿದರೋ. ಎಲೆಯಿಂದ ಮಾಡಿದ ತಟ್ಟೆಗೆ ತೆರಿಗೆಯೇ ಇಲ್ಲ ಎಂದು ತಿಳಿದ ದಿನ ಉಳಿದವರು ನನ್ನನ್ನು ನೋಡಿದ ನೋಟ ಮರೆಯಲಾರೆ.

ಕ್ರಿಕೆಟ್ ಟೂರ್ನಿ, ರಾಮನಗರದ ಕಡೆಗೆ ಕುಟುಂಬ ಸಮೇತ ಪ್ರವಾಸ, ರಕ್ತದಾನ ಎಲ್ಲ ಆಯಿತು. ಫೋಟೋ ನೋಡಿದ್ದೀರಲ್ಲ, ಸಾಕು.

ಹೇಳಲೇಬೇಕಾದ್ದು ಆಗಸ್ಟಿನದ್ದು. ನಮ್ಮ ಕ್ಲಬ್ಬಿನ ಕೇಟರಿಂಗ್‌ನವರು ಒಂದು ಗೃಹಪ್ರವೇಶಕ್ಕೆ ಆರುನೂರು ತಟ್ಟೆ ಹೇಳಿದ್ದರು. ಮಳೆಗಾಲದಲ್ಲಿ ಹಾಳೆ ಎಂತದ್ದು ಅಂತ ನಿಮಗೆ ಬೇರೆ ಹೇಳಬೇಕಾ? ಚೂರು ತೇವ ಉಳಿದರೂ ಬೂಷ್ಟು. ನನ್ನ ಗೋಡೌನಿನ ಒಂದು ಗೋಡೆ ಒದ್ದೆ ಎಂದು ನನಗೆ ಗೊತ್ತಿತ್ತು. ನಾಳೆ ನಾಡಿದ್ದು ಎಂದು ಬಿಟ್ಟಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಫೋನು: "ಬನ್ನಿ ಇಲ್ಲಿ." ವಿಜಯನಗರದ ಆ ಮನೆಯ ಮಹಡಿಯಲ್ಲಿ ಕಟ್ಟು ಬಿಚ್ಚಿ ಹರಡಿದ್ದರು. ಮೇಲಿನ ತಟ್ಟೆ ಚೆನ್ನಾಗಿಯೇ ಇತ್ತು. ಮಧ್ಯದಿಂದ ಒಂದನ್ನು ಎಳೆದು ದೀಪದ ಕೆಳಗೆ ಹಿಡಿದರು. ಹಾಳೆಯ ಗೀರುಗಳ ಉದ್ದಕ್ಕೂ ಬಿಳಿ ಹತ್ತಿಯಂಥ ಪುಡಿ. ಬೆರಳಿನಿಂದ ಒರೆಸಿ ಆ ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು. ನಮ್ಮ ಅಟ್ಟದ ವಾಸನೆ.

ಬೈಯಲಿಲ್ಲ. ನನ್ನದೇ ಓಮ್ನಿಯಲ್ಲಿ ಕೂತು, "ಮಾರ್ಕೆಟ್ ಕಡೆ ಬಿಡಿ" ಅಂದರು. ಕೆ.ಆರ್. ಮಾರ್ಕೆಟ್ಟಿನಲ್ಲಿ ಆ ಹೊತ್ತಿಗೆ ಬಾಳೆ ಎಲೆಯ ಕಟ್ಟುಗಳು ಲಾರಿಯಿಂದ ಇಳಿಯುತ್ತಿದ್ದವು. ತಲೆ ಎಣಿಸಿ ಎಲೆ ತೆಗೆದುಕೊಂಡೆವು, ದುಡ್ಡು ನಾನು ಕೊಟ್ಟೆ. ಒಂಬತ್ತಕ್ಕೆ ತಿಂಡಿಯ ಪಂಕ್ತಿ ಸುರು ಆಗಿತ್ತು. ಬಾಳೆ ಎಲೆಯಲ್ಲಿ ಹಾಕಿದ್ದಾರೆ ಎಂದು ಮನೆಯವರಿಗೆ ಸಂತೋಷವೇ ಸಂತೋಷ.

ಆ ಗುರುವಾರ ನಾನು ಹೋಗುವುದೇ ಬೇಡ ಎಂದುಕೊಂಡಿದ್ದೆ. ಹೋದೆ. ಅವರ ಸರದಿ ಬಂದಾಗ ಎದ್ದು ತನ್ನ ವಿಷಯ ಹೇಳಿ ಕೂತರು, ನನ್ನ ಸುದ್ದಿ ಎತ್ತಲೇ ಇಲ್ಲ. ಸಭೆ ಮುಗಿದ ಮೇಲೆ ಕೆಳಗೆ ಕಾಫಿ ಕುಡಿಯುವಾಗ ಮಾತ್ರ ಹೇಳಿದರು: "ಆ ಮನೆಯವ್ರಿಗೆ ನೀವು ಯಾರಂತ ಗೊತ್ತಿಲ್ಲ. ಅವ್ರಿಗೆ ಗೊತ್ತಿರೋದು ನಾನು. ಬೂಷ್ಟು ಬಂದಿದ್ದು ನಿಮ್ಮ ತಟ್ಟೆಗಲ್ಲ." ಚೀಟಿ ಬರೆದು ಡಬ್ಬಕ್ಕೆ ಹಾಕುವಾಗ ಮನುಷ್ಯ ಎಂತ ಹಾಕುತ್ತಾನೆ ಎಂದು ನನಗೆ ಅಲ್ಲಿಯವರೆಗೆ ತಲೆಗೆ ಹೋಗಿರಲಿಲ್ಲ. ಅದೇ ವಾರ ಗೋಡೌನು ಬದಲಾಯಿಸಿದೆ. ಈಗ ಮಳೆಗಾಲದ ಆರ್ಡರು ಬೇಸಗೆಯಲ್ಲೇ ಒತ್ತಿಟ್ಟ ಮಾಲಿನಿಂದ ಮಾತ್ರ. ಅದು ಮುಗಿದರೆ, ಇಲ್ಲ ಎನ್ನುತ್ತೇನೆ. ಅವರು ಇನ್ನೂ ನನ್ನ ಗಿರಾಕಿ. ಪ್ರತಿ ಕಟ್ಟನ್ನೂ ಮಧ್ಯದಿಂದ ಬಿಚ್ಚಿ ಮೂಸಿ ನೋಡುತ್ತಾರೆ.

ನವೆಂಬರಿನಲ್ಲಿ ರಾಜ್ಯೋತ್ಸವ. ಶಾಲು, ಬಾವುಟ, ನಿರೂಪಣೆ ಮಾತ್ರ ಮುಕ್ಕಾಲು ಇಂಗ್ಲಿಷಿನಲ್ಲಿ. "ಕೇರಳದ ನಮ್ಮ ಸದಸ್ಯರು ಕನ್ನಡದಲ್ಲಿ ಎರಡು ಮಾತಾಡ್ತಾರೆ" ಎಂದು ನನ್ನನ್ನು ಎಬ್ಬಿಸಿದರು. ನನಗೂ ಎಲ್ಲಿತ್ತೋ. 1956ರ ನವೆಂಬರ್ 1, ನೀವು ಒಂದಾದ ದಿನವೇ ನಾವು ಕೇರಳಕ್ಕೆ ಹೋದದ್ದು ಅಂದೆ. ನಮ್ಮ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದು ಕೊನೆಯವರೆಗೂ ಕೂಗಿದ್ದು ಹೇಳಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ... ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು. ಅಭ್ಯಾಸಬಲ, ಪಾಪ ಹುಡುಗ. ಎಲ್ಲರೂ ನಕ್ಕರು, ನಾನೂ ಕೂತೆ. ಸಿಎ ಮೇಡಂ ಮಾತ್ರ ಆಮೇಲೆ ಕೇಳಿದರು, "ಆಯೋಗ ಹೇಳಿದ್ಮೇಲೆ ಯಾಕೆ ಆಗ್ಲಿಲ್ಲ?" ಈ ಊರಿನಲ್ಲಿ ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು.

ಅದೇ ತಿಂಗಳ ಕೊನೆಗೆ ಅತಿಥಿಗಳ ದಿನ. ಪ್ರತಿಯೊಬ್ಬರೂ ಒಬ್ಬರನ್ನು ಕರೆತರಬೇಕು. ನನಗೆ ಯಾರೂ ಸಿಗಲಿಲ್ಲ. ಅಪ್ಪ ಅವತ್ತೇ ಬೆಳಗ್ಗೆ ರೈಲಿನಲ್ಲಿ ಬರುವವರಿದ್ದರು. ಸ್ಟೇಷನ್ನಿನಿಂದ ನೇರ ಅಲ್ಲಿಗೇ ಕರೆದುಕೊಂಡು ಹೋದೆ. ಪಂಚೆ, ಹೆಗಲಿಗೆ ಚೀಲ, ಚೀಲದಲ್ಲಿ ಹಲಸಿನ ಹಪ್ಪಳ. ಅತಿಥಿಯ ಬ್ಯಾಡ್ಜು ಹಾಕಿದರು. ಎರಡು ಇಡ್ಲಿ ತಿಂದು, ಸಾಂಬಾರಿಗೆ ಬೆಲ್ಲ ಜಾಸ್ತಿ ಎಂದು ನನಗೆ ಪಿಸುಗುಟ್ಟಿದರು.

ಅತಿಥಿಗಳಿಗೂ ಮೂವತ್ತು ಸೆಕೆಂಡು. ಅವರು ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ನೆರೆಮನೆಯಲ್ಲೂ ಬಾಯಿ ಬಿಟ್ಟು ಕೇಳದವರು. ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಎರಡು ಸಲ ಕೆಮ್ಮಿ ಹೇಳಿದರು:

"ಅಡಿಕೆ ಕೃಷಿ. ಬದಿಯಡ್ಕ. ನನಗೆ ಬೇಕಾದದ್ದು, ಅಡಿಕೆ ಕೊಯ್ಯಲಿಕ್ಕೆ ಮರ ಹತ್ತುವ ಒಬ್ಬ ಜನ. ಊಟ, ಚಹಾ ನಮ್ಮದು."

ಇದಕ್ಕಿಂತ ಸ್ಪಷ್ಟವಾಗಿ ಆ ಹಾಲ್‌ನಲ್ಲಿ ಇಡೀ ವರ್ಷ ಯಾರೂ ಕೇಳಿರಲಿಲ್ಲ. ಒಂದು ಕೈಯೂ ಏಳಲಿಲ್ಲ. ಚಪ್ಪಾಳೆ ಮಾತ್ರ ಜೋರು.

ಸಭೆ ಮುಗಿದ ಮೇಲೆ ನೋಡಿದರೆ ಪೀಣ್ಯದ ವರ್ಕ್‌ಶಾಪಿನವರು ಅಪ್ಪನನ್ನು ಕಿಟಕಿಯ ಹತ್ತಿರ ಹಿಡಿದು ನಿಲ್ಲಿಸಿದ್ದರು. ಫೋನಿನಲ್ಲಿ ಕಾರ್ಬನ್ ಫೈಬರಿನ ದೋಟಿಯ, ಅಂದರೆ ತುದಿಗೆ ಕತ್ತಿ ಇರುವ ಉದ್ದ ಕೋಲಿನ ಫೋಟೋ. ಮರ ಹತ್ತೋದೇ ಬೇಡ ಸಾರ್, ನೆಲದಿಂದಲೇ ಕುಯ್ಯಬಹುದು, ಔಷಧಿನೂ ಹೊಡೀಬಹುದು, ಒಂದು ತಂದು ಕೊಡ್ತೀನಿ ಎನ್ನುತ್ತಿದ್ದರು. ನನ್ನ ಹೆಸರಿಗೆ ಬರೆಯಲು ಚೀಟಿಯೂ ಕೈಯಲ್ಲಿ ಸಿದ್ಧ ಇತ್ತು. ಅಪ್ಪ ಪೂರ್ತಿ ಕೇಳಿದರು, ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ತುದಿಯ ಕತ್ತಿಯನ್ನೂ ನೋಡಿದರು.

"ದೋಟಿ ನನ್ನಲ್ಲಿ ಎರಡು ಉಂಟು," ಅಂದರು. "ಹಿಡಿಯಲಿಕ್ಕೆ ಜನ ಉಂಟಾ ನಿಮ್ಮಲ್ಲಿ?"