ಚುಕ್ಕಿಗೆ ಬಿಟ್ಟುಕೊಟ್ಟ ದೂರ

ನಾಯಿಗಳ ಆಶ್ರಯಕೇಂದ್ರಕ್ಕೆ ಹೋದವರ ಕಣ್ಣು ಮೊದಲು ಬೀಳುವುದು ಬಾಲ ಅಲ್ಲಾಡಿಸುತ್ತ ಕಂಬಿಯ ಬಳಿಗೆ ಓಡಿಬರುವ ನಾಯಿಯ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗೋಡೆಗೆ ಮುಖ ಮಾಡಿ ಮುದುಡಿ ಕುಳಿತದ್ದನ್ನು ಕೇಳುವವರಿಲ್ಲ. ಅದು ತಿಂಗಳುಗಟ್ಟಲೆ ಅಲ್ಲಿಯೇ ಉಳಿದುಬಿಡುತ್ತದೆ. ನಾವು ಮನೆಗೆ ಕರೆತಂದ ಚುಕ್ಕಿ ಹಾಗೆ ಉಳಿದವಳು. ಕಂದು ಬಣ್ಣದ ಹೆಣ್ಣುನಾಯಿ, ಎದೆಯ ಮೇಲೊಂದು ಬಿಳಿ ಮಚ್ಚೆ.

"ಇವಳು ಕಚ್ಚುವವಳಲ್ಲ, ಮುಟ್ಟಿದರೂ ಸುಮ್ಮನಿರುತ್ತಾಳೆ. ನೋಡಿದವರು ಸಾಧು ಅಂದುಕೊಳ್ಳುತ್ತಾರೆ. ಸಾಧುತನ ಅಲ್ಲ ಅದು, ಹೆದರಿಕೆ" ಎಂದರು ಅಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದ ಅಕ್ಕ. ಆ ಒಂದು ಮಾತಿಗೆ ನಾನು ಅವರಿಗೆ ಇಂದಿಗೂ ಋಣಿ. ಓಡಲು ದಾರಿಯಿಲ್ಲದ ನಾಯಿ ಕಲ್ಲಿನಂತೆ ನಿಂತುಬಿಡುತ್ತದೆ. ಆಗ ತಲೆ ಸವರಿದರೆ ಸವರಿಸಿಕೊಳ್ಳುತ್ತದೆ, ಎತ್ತಿದರೆ ಎತ್ತಿಸಿಕೊಳ್ಳುತ್ತದೆ. ಹತ್ತಿರದಿಂದ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಚುಕ್ಕಿ ತಲೆಯನ್ನು ಅತ್ತ ತಿರುಗಿಸಿ ಕಣ್ಣನ್ನಷ್ಟೇ ನಮ್ಮ ಕಡೆ ಇಟ್ಟಿದ್ದಳು. ಕಣ್ಣಂಚಿನಲ್ಲಿ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತಿತ್ತು. ಏನೂ ತಿನ್ನದಿದ್ದರೂ ನಾಲಿಗೆ ಮತ್ತೆ ಮತ್ತೆ ಮೂಗನ್ನು ಸವರುತ್ತಿತ್ತು. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತಿದ್ದಳು. ಬಾಲ ಹೊಟ್ಟೆಗೆ ಅಂಟಿಕೊಂಡಿತ್ತು.

ಅವಳನ್ನು ನೋಡಿದ ನಮ್ಮ ಬಂಧುಗಳೆಲ್ಲ "ಪಾಪ, ಯಾರೋ ಹೊಡೆದಿರಬೇಕು" ಎಂದರು. ಹೊಡೆದಿರಲೂಬಹುದು. ಆದರೆ ಹೊಡೆತವನ್ನೇ ಕಾಣದ ನಾಯಿಯೂ ಹೀಗಾಗುತ್ತದೆ. ಮರಿಗೆ ಸುಮಾರು 3ನೇ ವಾರದಿಂದ 14ನೇ ವಾರದವರೆಗಿನ ಕಾಲ ಬಹಳ ಮುಖ್ಯ. ಮನುಷ್ಯರ ಕೈ, ಧ್ವನಿ, ಮನೆಯೊಳಗಿನ ಸದ್ದುಗಳೆಲ್ಲ ಆಗ ಸಹಜವೆಂದು ಮನಸ್ಸಿನಲ್ಲಿ ಕೂರುತ್ತವೆ. ಆ ವಾರಗಳಲ್ಲಿ ಜನರನ್ನೇ ಕಾಣದೆ ಬೆಳೆದ ಮರಿಗೆ ಮುಂದೆ ಪ್ರತಿಯೊಬ್ಬ ಮನುಷ್ಯನೂ ಅಪರಿಚಿತ ಪ್ರಾಣಿ. ಮೇಲಿಂದ ಕೇಂದ್ರದ ಗದ್ದಲ ಬೇರೆ: ಹತ್ತಾರು ನಾಯಿಗಳು ಒಟ್ಟಿಗೆ ಬೊಗಳುವಾಗ ಅಲ್ಲಿನ ಸದ್ದು 100 ಡೆಸಿಬೆಲ್ ದಾಟುವುದುಂಟು. ನಮಗಿಂತ ಸೂಕ್ಷ್ಮವಾದ ಕಿವಿ ಅವುಗಳದು. ಅಲ್ಲಿ ಕಂಡ ಚುಕ್ಕಿ ಪೂರ್ತಿ ಚುಕ್ಕಿಯಲ್ಲ ಎಂದು ನನಗೆ ಅನಿಸಿತ್ತು. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಯೇ ಒಪ್ಪಿದೆವು.

ಕರೆತರುವ ದಿನ ಕೇಂದ್ರದವರು ಎರಡು ಹಗ್ಗ ಹಾಕಿಸಿದರು, ಒಂದು ಕೊರಳಪಟ್ಟಿಗೆ, ಇನ್ನೊಂದು ಎದೆಪಟ್ಟಿಗೆ. ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಳ್ಳುವುದು ಕ್ಷಣದ ಕೆಲಸ. ಹಾಗೆ ತಪ್ಪಿಸಿಕೊಂಡದ್ದು ತನ್ನವರನ್ನೂ ಗುರುತಿಸದೆ ಓಡುತ್ತಲೇ ಇರುತ್ತದೆ, ಅದಕ್ಕೆ ಇನ್ನೂ 'ತನ್ನವರು' ಎಂಬುದೇ ಇರುವುದಿಲ್ಲ. ಭುಜದ ಬಳಿ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ, ನಾಯಿಯ ಗುರುತು ಹೇಳುವ ಮೈಕ್ರೋಚಿಪ್ ಇತ್ತು. ಅದರ 15 ಅಂಕಿಗಳ ಸಂಖ್ಯೆಗೆ ನಮ್ಮ ಹೆಸರು, ಫೋನ್ ನಂಬರ್ ಸೇರಿಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಚಿಪ್ ಇದ್ದು ವಿಳಾಸ ಹಳೆಯದೇ ಆಗಿದ್ದರೆ ಪ್ರಯೋಜನವೇನು?

ಮನೆಯಲ್ಲಿ ಅವಳಿಗೆ ಕೊಟ್ಟದ್ದು ಒಂದು ಕೋಣೆ. ಮೇಜಿನ ಕೆಳಗೆ ಹಾಸಿಗೆ, ಮೂರು ಬದಿಗೆ ಹೊದಿಕೆ, ಒಂದು ಬದಿ ಬಯಲು. 3 ದಿನ, 3 ವಾರ, 3 ತಿಂಗಳು ಎಂಬ ಲೆಕ್ಕವೊಂದು ನಾಯಿಗಳನ್ನು ದತ್ತು ಕೊಡುವವರಲ್ಲಿ ರೂಢಿಯಲ್ಲಿದೆ: ಮೊದಲ ದಿನಗಳಲ್ಲಿ ದಿಗ್ಭ್ರಮೆ ಇಳಿಯುತ್ತದೆ, ವಾರಗಳಲ್ಲಿ ಮನೆಯ ದಿನಚರಿ ತಿಳಿಯುತ್ತದೆ, ತಿಂಗಳುಗಳಲ್ಲಿ ಇದು ನನ್ನ ಮನೆ ಅನಿಸತೊಡಗುತ್ತದೆ. ಚುಕ್ಕಿಯಂಥವರಿಗೆ ಆ ಲೆಕ್ಕ ಸಾಲದು. ಅವಳು ನಾವು ಮಲಗಿದ ಮೇಲಷ್ಟೇ ಉಣ್ಣುತ್ತಿದ್ದಳು. ಬೆಳಿಗ್ಗೆ ಬಟ್ಟಲು ಖಾಲಿ, ನಾಯಿ ಮಾತ್ರ ಮೇಜಿನಡಿ, ಇದ್ದ ಭಂಗಿಯಲ್ಲಿಯೇ.

ಇನ್ನು ನಾನು ಮನಸಾರೆ ಹೇಳಬೇಕೆಂದಿರುವ ಆ ಸಂಜೆಗಳ ವಿಷಯ. ಹೆದರಿದ ನಾಯಿಯನ್ನು ಕಂಡಾಗ ಎಲ್ಲರಿಗೂ ಮೊದಲು ತೋಚುವುದು ಅಂಗೈಯಲ್ಲಿ ತಿಂಡಿ ಹಿಡಿದು ಬಾ ಬಾ ಎಂದು ಕರೆಯುವುದು. ನಾಯಿಗಳಿಗೆ ತರಬೇತಿ ಕೊಡುವ ಪರಿಚಯದವರೊಬ್ಬರು ಅದು ಬೇಡವೆಂದರು. "ಕೈಯಲ್ಲಿ ಕೊಡಬೇಡಿ. ಅವಳ ಬೆನ್ನ ಹಿಂದಕ್ಕೆ ಎಸೆಯಿರಿ. ನಿಮ್ಮಿಂದ ದೂರ ಹೋದರೆ ತಿಂಡಿ ಸಿಗಬೇಕು." ಕೇಳಿದಾಗ ವಿಚಿತ್ರವೆನಿಸಿತು. ಹತ್ತಿರ ಬರಲಿ ಎಂದು ಹಂಬಲಿಸುತ್ತಿರುವಾಗ ದೂರ ಕಳಿಸುವುದೇ?

ಅವರು ವಿವರಿಸಿದ ಮೇಲೆ ನನಗೆ ಚುಕ್ಕಿಯ ಮೈ ಓದಲು ಬಂತು. ತಿಂಡಿಯ ಆಸೆಗೆ ಮುಂದೆ ಬರುವಾಗ ಅವಳ ಮುಂಗಾಲುಗಳಷ್ಟೇ ಬರುತ್ತಿದ್ದವು. ಹಿಂಗಾಲುಗಳು ಇದ್ದಲ್ಲಿಯೇ ಊರಿ, ಬೆರಳುಗಳು ಅಗಲವಾಗಿ ನೆಲ ಕಚ್ಚಿ, ಸೊಂಟ ತಗ್ಗಿ, ಕುತ್ತಿಗೆ ಉದ್ದವಾಗಿ, ಅರ್ಧ ಮೈ ಮುಂದಕ್ಕೆ ಅರ್ಧ ಮೈ ಹಿಂದಕ್ಕೆ ಎಳೆಯುತ್ತಿತ್ತು. ಅಂಥ ನಾಯಿ ತಿಂಡಿ ಮುಗಿದ ಮರುಗಳಿಗೆಯೇ ತಾನು ಎಷ್ಟು ಹತ್ತಿರ ಬಂದುಬಿಟ್ಟೆ ಎಂದು ಕಂಡು ಬೆಚ್ಚುತ್ತದೆ, ಮೊದಲಿಗಿಂತಲೂ ಹೆಚ್ಚು ಹೆದರುತ್ತದೆ. ಹಿಂದಕ್ಕೆ ಎಸೆದ ತಿಂಡಿಯಲ್ಲಿ ಈ ಎಳೆದಾಟವಿಲ್ಲ. ಹೋಗಿ ತಿನ್ನುತ್ತದೆ, ದೂರದ ನೆಮ್ಮದಿಯೂ ತಿಂಡಿಯ ರುಚಿಯೂ ಒಟ್ಟಿಗೆ ಸಿಗುತ್ತವೆ. ಮತ್ತೆ ಬರುವುದಾದರೆ ತಾನಾಗಿಯೇ ಬರುತ್ತದೆ.

ದಿನವೂ ಸಂಜೆ ಕೋಣೆಯ ಬಾಗಿಲಿಗೆ ಅಡ್ಡವಾಗದಂತೆ ನೆಲದ ಮೇಲೆ ಕೂತುಕೊಳ್ಳುತ್ತಿದ್ದೆ, ಅವಳ ಕಡೆ ಭುಜ ಮಾಡಿ, ಪುಸ್ತಕ ಹಿಡಿದು. ಎದುರು ಕೂತು ದಿಟ್ಟಿಸುವುದು, ಮೇಲಿಂದ ಬಾಗುವುದು ಎರಡೂ ನಾಯಿಗೆ ಬೆದರಿಕೆಯೇ. ತಿಂಡಿ ಬೀಳುವಾಗ ಟಪ್ಪೆಂದು ಸದ್ದಾಗದಿರಲೆಂದು ನೆಲಕ್ಕೆ ಕಂಬಳಿ ಹಾಸಿದ್ದೆ. ಕೆಲವು ಸಂಜೆ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಪುಸ್ತಕ ಓದಿ ಎದ್ದುಬಂದೆ. ಅದನ್ನು ಸೋಲೆಂದು ನಾನು ಎಣಿಸಲಿಲ್ಲ. ಏನೂ ಆಗದ ಸಂಜೆಯೇ ಅವಳಿಗೆ ಬೇಕಿದ್ದದ್ದು.

ಒಂದು ಸಂಜೆ ಮಗಳು ಹೊಸ್ತಿಲಲ್ಲಿ ಕೂತಿದ್ದಳು. ಚುಕ್ಕಿ ಹಿಂದೆ ಬಿದ್ದ ತಿಂಡಿ ತಿಂದು, ತಿರುಗಿ, ನೇರವಾಗಿ ನನ್ನ ಕಡೆ ನಡೆದಳು. ಹಿಂಗಾಲುಗಳೂ ಜೊತೆಗೇ ಬಂದವು! ಮೊಣಕೈಗೆ ತಣ್ಣಗೆ ಏನೋ ತಾಗಿತು. ಮೂಸಿದಳು, ತೋಳಿನುದ್ದಕ್ಕೂ ಮೂಸಿ, ಅಂಗಿಯ ಅಂಚನ್ನೂ ಮೂಸಿ, ಒಮ್ಮೆ ಮೈಯೆಲ್ಲ ಜಾಡಿಸಿದಳು. ನೀರಿನಿಂದೆದ್ದ ನಾಯಿಯ ಹಾಗೆ ಹೀಗೆ ಒಣಮೈಯನ್ನು ಜಾಡಿಸಿದರೆ ಬಿಗುವು ಇಳಿಯುತ್ತಿದೆ ಎಂದರ್ಥ. "ಅಮ್ಮಾ, ಕೈ ಎತ್ತಬೇಡ" ಎಂದು ಮಗಳು ಪಿಸುಗುಟ್ಟಿದಳು. ಎತ್ತಲಿಲ್ಲ. ಇನ್ನೊಂದು ತಿಂಡಿಯನ್ನು ಅವಳ ಹಿಂದಕ್ಕೆ ಎಸೆದೆ, ಅವಳು ಹೋಗಿ ತಿಂದು ಮತ್ತೆ ಬಂದಳು. ನನ್ನ ಕಣ್ಣು ತುಂಬಿತ್ತು.

ಮುಟ್ಟುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ತಲೆಯ ಮೇಲೆ ಕೈ ತರುವುದಿಲ್ಲ. ಎದೆಯ ಬದಿಯಲ್ಲಿ ಎರಡು ಮೂರು ಕ್ಷಣ ಸವರಿ ಕೈ ತೆಗೆಯುತ್ತೇವೆ. ಒರಗಿ ಬಂದರೆ ಮತ್ತೆ ಸವರುತ್ತೇವೆ, ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಬೇಡವೆಂದರೆ ಬೇಡವೇ ಆಗುತ್ತದೆಂದು ತಿಳಿದ ಮೇಲೆಯೇ ಅವಳು ಬೇಕೆಂದು ಕೇಳತೊಡಗಿದ್ದು. ಗುಡುಗಿಗೆ ನಡುಗುತ್ತ ಬಂದು ಕಾಲಿಗೆ ಒತ್ತಿಕೊಂಡರೆ ಮಾತ್ರ ಹಿಂದೆಮುಂದೆ ನೋಡದೆ ಸಂತೈಸುತ್ತೇನೆ. ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತು ಸುಳ್ಳು. ಹೆದರಿಕೆ ಮಕ್ಕಳ ಹಟದಂತಲ್ಲ, ಮುದ್ದು ಮಾಡಿದರೆ ಬೆಳೆಯುವುದಕ್ಕೆ.

ಅತಿಥಿಗಳು ಬಂದರೆ ಈಗಲೂ ಕೋಣೆ ಸೇರುತ್ತಾಳೆ. "ಎತ್ತಿಕೊಂಡು ಬನ್ನಿ, ಅಭ್ಯಾಸವಾಗಲಿ" ಎನ್ನುವವರಿದ್ದಾರೆ. ಹಾಗೆ ಒತ್ತಾಯದಿಂದ ಎದುರು ನಿಲ್ಲಿಸಿದರೆ ಅಭ್ಯಾಸವಾಗುವುದಿಲ್ಲ, ಮತ್ತೆ ಕಲ್ಲಾಗುತ್ತಾಳೆ. ಹಾಗೆಂದು ಅವರಿಗೆ ಮುಖಕ್ಕೆ ಹೊಡೆದಂತೆ ಹೇಳಿ, ಕಾಫಿಗೆ ಕೂರಿಸುತ್ತೇನೆ.

ಸದ್ಯಕ್ಕೆ ನಮ್ಮಿಬ್ಬರ ಕೆಲಸ ಉಗುರು ಕತ್ತರಿಸುವುದು. ಮೊದಲು ಕತ್ತರಿ ಬರೀ ನೆಲದ ಮೇಲಿತ್ತು, ಅದನ್ನು ಮೂಸಿದ್ದಕ್ಕೆ ತಿಂಡಿ. ಆಮೇಲೆ ಅದರ ಸದ್ದಿಗೆ, ಆಮೇಲೆ ಪಾದ ಕೊಟ್ಟದ್ದಕ್ಕೆ. ಪಾದ ಹಿಂದೆಳೆದುಕೊಂಡರೆ ಅಂದಿಗೆ ಕೆಲಸ ಮುಗಿಯಿತು. ಬಲ ಮುಂಗಾಲಿನದು ಪೂರ್ತಿಯಾಗಿದೆ, ಎಡಗಾಲಿನದು ಈ ವಾರ ಶುರು ಮಾಡುತ್ತೇವೆ.